ನದಿ ದಂಡೆಯ ಕೊರೆತ ಮತ್ತು ಕುಸಿತ: ದಂಡೆಯ ಪಾದದಿಂದ ಆರಂಭವಾಗಬೇಕಾದ ರಕ್ಷಣೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ನದಿ ಹಾಗೂ ದೊಡ್ಡ ಹಳ್ಳಗಳ ದಂಡೆಯಲ್ಲಿರುವ ಗ್ರಾಮ ಪಂಚಾಯತಿಗಳ ಸದಸ್ಯರು ಈ ಪಾಠವನ್ನು ಓದಿದ ನಂತರ: (1) ದಂಡೆ ಏಕೆ ಮತ್ತು ಯಾವಾಗ ಕುಸಿಯುತ್ತದೆ ಎಂಬುದನ್ನು ತಿಳಿಯುವರು, (2) ತಮ್ಮ ಗ್ರಾಮದ ಅಪಾಯದ ಸ್ಥಳಗಳನ್ನು ಗುರುತಿಸಿ ಅಳತೆಯ ದಾಖಲೆ ಇಡಲು ಶಕ್ತರಾಗುವರು, (3) ಯಾವ ಸ್ಥಳಕ್ಕೆ ಯಾವ ಕಾಮಗಾರಿ ಸೂಕ್ತ, ಯಾವುದು ಪಂಚಾಯತಿಯ ಶಕ್ತಿಗೆ ಮೀರಿದ್ದು ಎಂಬುದನ್ನು ವಿವೇಚಿಸುವರು, (4) ಕ್ರಿಯಾ ಯೋಜನೆ ಹಾಗೂ ಠರಾವು ರೂಪಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ಅರಿಯುವರು.

1. ಪೀಠಿಕೆ

ಕೃಷ್ಣಾ, ಘಟಪ್ರಭಾ ಹಾಗೂ ಮಲಪ್ರಭಾ ನದಿಗಳ ದಂಡೆಯ ಗ್ರಾಮಗಳು ಒಂದೇ ತಲೆಮಾರಿನಲ್ಲಿ ಎರಡು ಮಹಾ ಪ್ರವಾಹಗಳನ್ನು ಕಂಡಿವೆ. 2009ರ ಸೆಪ್ಟೆಂಬರ್ ಕೊನೆಯ ದಿನಗಳು ಮತ್ತು ಅಕ್ಟೋಬರ್ ಮೊದಲ ವಾರದ ಮಳೆಯಿಂದ ಬಂದದ್ದು ಮೊದಲನೆಯದು. 2019ರ ಆಗಸ್ಟ್ ತಿಂಗಳಿನದು ಎರಡನೆಯದು. 2019ರಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇವಾಲಯ ಸಮುಚ್ಚಯದೊಳಗೆ ನುಗ್ಗಿತು. ನರಗುಂದ ತಾಲ್ಲೂಕಿನ ಕೊಣ್ಣೂರಿನಂತಹ ಊರುಗಳು ಜಲಾವೃತವಾದವು. ಪ್ರವಾಹ ಇಳಿದ ಮೇಲೆ ಬಿದ್ದ ಮನೆಗಳನ್ನು ಎಣಿಸಲಾಯಿತು, ಹಾನಿಯಾದ ಬೆಳೆಯ ಸಮೀಕ್ಷೆ ನಡೆಯಿತು, ಪರಿಹಾರದ ಪಟ್ಟಿಗಳು ಸಿದ್ಧವಾದವು.

ಆದರೆ ಎಣಿಕೆಗೆ ಸುಲಭವಾಗಿ ಸಿಗದ ಒಂದು ನಷ್ಟವಿದೆ. ಅದು ನದಿಯ ಪಾಲಾಗುವ ನೆಲ. ಬಿದ್ದ ಮನೆಯನ್ನು ಪುನಃ ಕಟ್ಟಬಹುದು. ಹೋದ ಬೆಳೆಯನ್ನು ಮುಂದಿನ ಹಂಗಾಮಿನಲ್ಲಿ ಬೆಳೆಯಬಹುದು. ದಂಡೆಯೊಂದಿಗೆ ಕೊಚ್ಚಿಹೋದ ಎರೆಭೂಮಿ ಮಾತ್ರ ಮರಳಿ ಬಾರದು. ಪಹಣಿಯಲ್ಲಿ ಎಕರೆ-ಗುಂಟೆ ಹಾಗೆಯೇ ಉಳಿದಿರುತ್ತದೆ. ಸ್ಥಳದಲ್ಲಿ ನೀರು ಹರಿಯುತ್ತಿರುತ್ತದೆ. ಅನೇಕ ಕಡೆ ಸ್ಮಶಾನದ ಭೂಮಿ, ಕುಡಿಯುವ ನೀರಿನ ಜಾಕ್‌ವೆಲ್, ಹೊಳೆಸಾಲಿನ ಬಂಡಿದಾರಿ, ಅಂಗನವಾಡಿ ಕಟ್ಟಡ ಇವೆಲ್ಲವೂ ದಂಡೆಯ ಅಂಚಿಗೆ ಸಮೀಪದಲ್ಲಿವೆ. ಆದ್ದರಿಂದ ದಂಡೆಯ ರಕ್ಷಣೆಯು ಕೇವಲ ನೀರಾವರಿ ಇಲಾಖೆಯ ವಿಷಯವಲ್ಲ. ಅದು ಗ್ರಾಮದ ಆಸ್ತಿಯ ವಿಷಯವೂ ಹೌದು.

2. ದಂಡೆ ಕುಸಿಯುವ ಬಗೆ

ದಂಡೆಯನ್ನು ಮೂರು ಭಾಗಗಳಾಗಿ ನೋಡುವುದು ಅನುಕೂಲ. ಜನ ಓಡಾಡುವ, ಬೆಳೆ ಬೆಳೆಯುವ ಮೇಲಿನ ಸಮತಟ್ಟು ‘ತಲೆ’. ಅಲ್ಲಿಂದ ನೀರಿನತ್ತ ಇಳಿಯುವ ಇಳಿಜಾರು ‘ಮೈ’. ಇಳಿಜಾರು ನದಿಯ ತಳವನ್ನು ಸೇರುವ ಭಾಗ ‘ಪಾದ’. ಜನರ ಕಣ್ಣಿಗೆ ಬೀಳುವುದು ತಲೆ ಮತ್ತು ಮೈ. ದಂಡೆಯ ಅಳಿವು ಆರಂಭವಾಗುವುದು ಬಹುತೇಕ ಪಾದದಲ್ಲಿ. ಪಾದವು ವರ್ಷದ ಹೆಚ್ಚಿನ ಕಾಲ ನೀರಿನೊಳಗೆ ಇರುವುದರಿಂದ ಅಲ್ಲಿನ ಹಾನಿ ಯಾರ ಗಮನಕ್ಕೂ ಬರುವುದಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳನ್ನು ಗುರುತಿಸಬೇಕು. ಒಂದು ಕೊರೆತ; ಇನ್ನೊಂದು ಕುಸಿತ. ಹರಿಯುವ ನೀರು ಮಣ್ಣಿನ ಕಣಗಳನ್ನು ಒಂದೊಂದಾಗಿ ಕಿತ್ತೊಯ್ಯುವುದು ಕೊರೆತ. ಪಾದ ಸವೆದು ಆಧಾರ ತಪ್ಪಿದಾಗ ಮೇಲಿನ ಮಣ್ಣಿನ ರಾಶಿ ಒಮ್ಮೆಗೇ ಜಾರುವುದು ಕುಸಿತ. ಕೊರೆತ ದಿನಗಟ್ಟಲೆ ನಡೆಯುತ್ತದೆ. ಕುಸಿತ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ದಂಡೆಯ ಮೇಲೆ ಹಾಕುವ ಎಳೆತದ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಆದುದರಿಂದ ಇಡೀ ವರ್ಷದ ಹರಿವು ಮಾಡದ ಹಾನಿಯನ್ನು ಮೂರು ನಾಲ್ಕು ದಿನಗಳ ಪ್ರವಾಹ ಮಾಡಬಲ್ಲದು.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, ದೊಡ್ಡ ಕುಸಿತಗಳು ನೀರು ಏರುವಾಗ ನಡೆಯುವುದಕ್ಕಿಂತ ಹೆಚ್ಚಾಗಿ ನೀರು ಇಳಿಯುವಾಗ ನಡೆಯುತ್ತವೆ. ಇದರ ಕಾರಣ ಸರಳ. ಪ್ರವಾಹದ ದಿನಗಳಲ್ಲಿ ದಂಡೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಒಂದು ಘನ ಮೀಟರ್ ಮಣ್ಣಿನ ತೂಕ ಕೆಲವು ನೂರು ಕಿಲೋಗ್ರಾಂ ಹೆಚ್ಚುತ್ತದೆ. ಅದೇ ವೇಳೆ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ. ನದಿ ತುಂಬಿರುವವರೆಗೆ ಹೊರಗಿನ ನೀರಿನ ಒತ್ತಡವೇ ದಂಡೆಗೆ ಆಸರೆಯಾಗಿರುತ್ತದೆ. ಮೇಲಿನ ಜಲಾಶಯದ ಗೇಟುಗಳನ್ನು ಇಳಿಸಿದಾಗ, ಅಥವಾ ಮಳೆ ಒಮ್ಮೆಗೇ ನಿಂತಾಗ, ನದಿಯ ಮಟ್ಟ ಬೇಗನೆ ಇಳಿಯುತ್ತದೆ. ದಂಡೆಯೊಳಗಿನ ನೀರು ಅಷ್ಟು ಬೇಗ ಹೊರಬರಲಾರದು. ಆಸರೆ ತಪ್ಪಿದ, ಭಾರವಾದ, ಹಿಡಿತ ಕಳೆದುಕೊಂಡ ದಂಡೆ ಆಗ ಜಾರುತ್ತದೆ. ಎರೆಮಣ್ಣಿನಲ್ಲಿ ನೀರು ಬಹಳ ನಿಧಾನವಾಗಿ ಚಲಿಸುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಎರೆಭೂಮಿಯಲ್ಲಿ ಬಿಡುವ ಆಳವಾದ ಬಿರುಕುಗಳು ಮುಂಗಾರಿನ ನೀರನ್ನು ನೇರವಾಗಿ ದಂಡೆಯ ಒಡಲಿಗೆ ಇಳಿಸುತ್ತವೆ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ನೀರು ಇಳಿಯಿತೆಂದು ಜನರು ದಂಡೆಯ ಅಂಚಿಗೆ ಹೋಗಿ ನಿಲ್ಲುವುದು, ಅಂಚಿನ ಮನೆಗೆ ಅಂದೇ ಮರಳುವುದು ಅಪಾಯಕರ. ಕನಿಷ್ಠ ಕೆಲವು ದಿನ ಅಂಚಿನಿಂದ ದೂರವಿರುವಂತೆ ಡಂಗುರ ಸಾರಿಸುವುದು ಪಂಚಾಯತಿಯ ಕರ್ತವ್ಯ. ಎರಡನೆಯದಾಗಿ, ಪಾದವನ್ನು ಬಿಟ್ಟು ಮೈಗೆ ಮಾತ್ರ ಮಾಡಿದ ಕಾಮಗಾರಿ, ಅದು ಎಷ್ಟೇ ಗಟ್ಟಿಯಾಗಿದ್ದರೂ, ಬಾಳಿಕೆ ಬಾರದು.

3. ಕೊರೆತ ಹೆಚ್ಚಿರುವ ಸ್ಥಳಗಳು

ನದಿಯ ದಂಡೆಯೆಲ್ಲವೂ ಒಂದೇ ರೀತಿಯಲ್ಲಿ ಅಪಾಯದಲ್ಲಿ ಇರುವುದಿಲ್ಲ. ಕೆಳಗಿನ ಸ್ಥಳಗಳು ವಿಶೇಷ ಗಮನಕ್ಕೆ ಅರ್ಹ.

(ಅ) ತಿರುವಿನ ಹೊರದಂಡೆ: ನದಿ ತಿರುಗುವಲ್ಲಿ ವೇಗದ ನೀರು ಹೊರಬದಿಗೆ ಒತ್ತಿಕೊಂಡು ಹರಿಯುತ್ತದೆ, ಮೇಲಿನ ನೀರು ಹೊರದಂಡೆಗೆ ತಗುಲಿ ತಳದತ್ತ ಇಳಿದು ಪಾದವನ್ನು ಕೊರೆಯುತ್ತದೆ, ಕೊರೆದ ಮಣ್ಣು, ಉಸುಕು ಒಳದಂಡೆಗಳಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಅತಿ ಹೆಚ್ಚಿನ ಕೊರೆತವು ತಿರುವಿನ ನಡುಭಾಗಕ್ಕಿಂತ ತುಸು ಕೆಳಗೆ ಕಂಡುಬರುವುದು ವಾಡಿಕೆ.

(ಆ) ಹಳ್ಳ ಮತ್ತು ಚರಂಡಿ ಸೇರುವ ಸ್ಥಳ: ಊರಿನ ಚರಂಡಿಯ ನೀರು, ಹೊಲಗಳ ಬಸಿನೀರು ದಂಡೆಯ ಮೇಲಿಂದ ನೇರವಾಗಿ ಧುಮುಕುವಲ್ಲಿ ಕೊರಕಲು ಹುಟ್ಟಿ, ಮಳೆಯಿಂದ ಮಳೆಗೆ ಒಳಕ್ಕೆ ಸಾಗುತ್ತದೆ. ಅನೇಕ ಸಂದರ್ಭಗಳಲ್ಲಿ ನದಿಗಿಂತ ಮೊದಲು ಊರಿನ ಚರಂಡಿಯೇ ದಂಡೆಯನ್ನು ಒಡೆದಿರುತ್ತದೆ. ಪಂಚಾಯತಿಯ ಸ್ವಂತ ಕಾಮಗಾರಿಯಾದ ಸಿ.ಸಿ. ಚರಂಡಿಯ ಕೊನೆಯ ತುದಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಸದಸ್ಯರು ಖುದ್ದಾಗಿ ನೋಡಬೇಕು.

(ಇ) ಸೇತುವೆ ಮತ್ತು ಬ್ಯಾರೇಜುಗಳ ಕೆಳಭಾಗ: ಇಲ್ಲಿ ನೀರು ಸುಳಿಯಾಗಿ ಹೊರಬರುವುದರಿಂದ ಎರಡೂ ದಂಡೆಗಳ ಮೇಲೆ ಹೊಡೆತ ಬೀಳುತ್ತದೆ.

(ಈ) ಪಂಪ್‌ಸೆಟ್ ಪೈಪುಗಳ ಕಾಲುವೆ: ನದಿಯಿಂದ ನೀರೆತ್ತಲು ದಂಡೆಯನ್ನು ಅಡ್ಡಲಾಗಿ ಅಗೆದು ಪೈಪು ಇಟ್ಟ ಮೇಲೆ ಮಣ್ಣನ್ನು ಸಡಿಲವಾಗಿ ಎಳೆದು ಮುಚ್ಚುವುದು ಸಾಮಾನ್ಯ. ಸರಿಯಾಗಿ ತುಂಬದ ಇಂತಹ ಪ್ರತಿಯೊಂದು ಕಾಲುವೆಯೂ ಪ್ರವಾಹದ ನೀರಿಗೆ ಸಿದ್ಧವಾದ ದಾರಿಯಾಗುತ್ತದೆ.

(ಉ) ಉಸುಕು ಮತ್ತು ಮಣ್ಣು ತೆಗೆದ ಸ್ಥಳ: ದಂಡೆಯ ಬುಡದಲ್ಲಿ ಉಸುಕು ತೆಗೆದರೆ ಪಾದವನ್ನು ಕೈಯಾರೆ ಕೊರೆದಂತೆಯೇ ಆಗುತ್ತದೆ. ಇಟ್ಟಿಗೆ ಭಟ್ಟಿಗೆ ದಂಡೆಯ ಮೈಯಿಂದ ಮಣ್ಣು ಕಡಿಯುವುದೂ ಇದೇ ಪರಿಣಾಮ ಬೀರುತ್ತದೆ.

(ಊ) ಅಂಚಿನವರೆಗೆ ಉಳುಮೆ ಹಾಗೂ ನದಿಪಾತ್ರದ ಒತ್ತುವರಿ: ಕಬ್ಬನ್ನು ದಂಡೆಯ ಕೊನೆಯ ಅಡಿಯವರೆಗೂ ಬೆಳೆದಾಗ ಹಿಂದೆ ಅಲ್ಲಿದ್ದ ಹೊಂಗೆ, ಅತ್ತಿ, ಲಕ್ಕಿ, ಬಿದಿರುಗಳ ಪಟ್ಟಿ ಇಲ್ಲವಾಗುತ್ತದೆ. ಹರಿನೀರು ಕೊಟ್ಟಂತೆಲ್ಲ ಅಂಚಿನ ಮಣ್ಣು ಸದಾ ತೇವದಿಂದ ಭಾರವಾಗಿರುತ್ತದೆ. ಮಲಪ್ರಭೆಯಂತಹ ನದಿಯ ಪಾತ್ರವು ಹೂಳು, ಜಾಲಿ ಹಾಗೂ ಒತ್ತುವರಿಯಿಂದ ಅನೇಕ ಕಡೆ ಕಿರಿದಾಗಿರುವುದು ಎಲ್ಲರೂ ಬಲ್ಲ ಸಂಗತಿ. ನಡುಪಾತ್ರದಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಲ್ಲಿ ನೀರು ಅದನ್ನು ತಪ್ಪಿಸಿ ದಂಡೆಯ ಕಡೆಗೆ ತಿರುಗುತ್ತದೆ.

4. ಗುರುತಿಸುವುದು ಮತ್ತು ಅಳೆಯುವುದು

ದಂಡೆಯ ವಿಷಯದಲ್ಲಿ ಗ್ರಾಮಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು “ಹೊಳೆ ಬಹಳ ಒಳಗೆ ಬಂದಿದೆ” ಎಂಬುದು. ಎಷ್ಟು ಬಂದಿದೆ, ಯಾವ ವರ್ಷ ಬಂದಿದೆ ಎಂಬುದಕ್ಕೆ ದಾಖಲೆ ಇರುವುದಿಲ್ಲ. ಅಳತೆಯಿಲ್ಲದ ಮನವಿಗೆ ಇಲಾಖೆಗಳಲ್ಲಿ ಆದ್ಯತೆ ಸಿಗುವುದು ಕಷ್ಟ. ಅಳತೆಗೆ ದುಬಾರಿ ಉಪಕರಣ ಬೇಕಿಲ್ಲ.

ಅಪಾಯದ ಸ್ಥಳದಲ್ಲಿ ದಂಡೆಯ ಅಂಚಿನಿಂದ ಹಿಂದಕ್ಕೆ, ನದಿಗೆ ಲಂಬವಾಗಿ, 5, 10, 15 ಮತ್ತು 20 ಮೀಟರ್ ದೂರದಲ್ಲಿ ಬಣ್ಣ ಬಳಿದ ಕಲ್ಲಿನ ಗೂಟಗಳನ್ನು ನೆಡಬೇಕು. ಇಂತಹ ಸಾಲುಗಳು ಪ್ರತಿ 50 ಮೀಟರಿಗೆ ಒಂದರಂತೆ ಇದ್ದರೆ ಸಾಕು. ಪ್ರತಿ ವರ್ಷ ಮೇ ತಿಂಗಳಲ್ಲಿ ಒಮ್ಮೆ, ನವೆಂಬರ್ ತಿಂಗಳಲ್ಲಿ ಒಮ್ಮೆ ಅಂಚಿನಿಂದ ಗೂಟಕ್ಕಿರುವ ದೂರವನ್ನು ಟೇಪಿನಿಂದ ಅಳೆದು ವಹಿಯಲ್ಲಿ ಬರೆಯಬೇಕು. ಅದೇ ಸ್ಥಳದಿಂದ, ಅದೇ ದಿಕ್ಕಿಗೆ, ದಿನಾಂಕ ಮತ್ತು ಸ್ಥಳಸೂಚಿ ಸಹಿತ ಛಾಯಾಚಿತ್ರ ತೆಗೆಯಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಒಂದು ಗ್ರಾಮದಲ್ಲಿ ದಂಡೆಯಂಚಿನಿಂದ ಅಂಗನವಾಡಿ ಕಟ್ಟಡ 18 ಮೀಟರ್ ದೂರದಲ್ಲಿದೆ. ಮೂರು ಮಳೆಗಾಲಗಳಲ್ಲಿ ಅಂಚು ಕ್ರಮವಾಗಿ 1, 1 ಮತ್ತು 4 ಮೀಟರ್ ಹಿಂದೆ ಸರಿದಿದೆ. ಸರಾಸರಿ ತೆಗೆದರೆ ವರ್ಷಕ್ಕೆ 2 ಮೀಟರ್. ಉಳಿದ 12 ಮೀಟರಿಗೆ ಆರು ವರ್ಷ ಅವಕಾಶವಿದೆ ಎಂದು ತೋರುತ್ತದೆ. ಆದರೆ ದಂಡೆ ಸರಾಸರಿಯಂತೆ ನಡೆದುಕೊಳ್ಳುವುದಿಲ್ಲ. ಕೆಟ್ಟ ವರ್ಷದ 4 ಮೀಟರನ್ನೇ ಲೆಕ್ಕಕ್ಕೆ ಹಿಡಿದರೆ ಮೂರು ಮಳೆಗಾಲಗಳಷ್ಟೇ ಉಳಿಯುತ್ತವೆ. ದಂಡೆಯ ಎತ್ತರ 6 ಮೀಟರ್ ಇದ್ದರೆ ಒಂದೇ ಕುಸಿತದಲ್ಲಿ ಹಲವಾರು ಮೀಟರ್ ಅಗಲದ ತುಂಡು ಜಾರಬಹುದು. ಈ ಲೆಕ್ಕವನ್ನು ನೋಡಿದ ಪಂಚಾಯತಿಯು ಅಂಗನವಾಡಿಗೆ ಬೇರೆ ನಿವೇಶನ ಹುಡುಕುವ ಕೆಲಸವನ್ನು ಈ ವರ್ಷವೇ ಆರಂಭಿಸಬೇಕೆಂಬುದು ಸ್ಪಷ್ಟ. ಗೂಟಗಳಿಲ್ಲದಿದ್ದರೆ ಈ ನಿರ್ಣಯವು ಬಿರುಕು ಗೋಡೆಗೆ ಬಂದ ದಿನಕ್ಕೆ ಮುಂದೂಡಲ್ಪಡುತ್ತಿತ್ತು.

ತಕ್ಷಣದ ಅಪಾಯವನ್ನು ಸೂಚಿಸುವ ಚಿಹ್ನೆಗಳು: ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿಟ್ಟ ಉದ್ದನೆಯ ಬಿರುಕು, ನದಿಯ ಕಡೆಗೆ ವಾಲಿದ ಮರ ಅಥವಾ ವಿದ್ಯುತ್ ಕಂಬ, ದಂಡೆಯ ಮೈಯಲ್ಲಿ ಮಣ್ಣು ಸಹಿತ ಒಸರುವ ನೀರು, ಬುಡದಲ್ಲಿ ಗುಹೆಯಂತೆ ಒಳಸರಿದ ಜಾಗ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ಭಾಗಕ್ಕೆ ಬೇಲಿ ಹಾಕಿ, ತಹಶೀಲ್ದಾರರಿಗೆ ಅಂದೇ ಲಿಖಿತ ವರದಿ ಸಲ್ಲಿಸಬೇಕು. ಬಿರುಕಿಗೆ ಮಳೆನೀರು ಇಳಿಯದಂತೆ ಜೇಡಿಮಣ್ಣು ತುಂಬಿ ತಾಡಪಾಲು ಹೊದಿಸುವುದು ತಾತ್ಕಾಲಿಕ ಉಪಾಯ.

5. ರಕ್ಷಣಾ ವಿಧಾನಗಳು

5.1 ಮೊದಲ ಹೆಜ್ಜೆ: ಹಾನಿಯ ಕಾರಣವನ್ನು ತೆಗೆಯುವುದು

ಅತಿ ಕಡಿಮೆ ವೆಚ್ಚದ ಕೆಲಸಗಳು ಇವು. ಚರಂಡಿಯ ತುದಿಯನ್ನು ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಕಟ್ಟೆಯ ಮೂಲಕ ಅಥವಾ ಪೈಪಿನ ಮೂಲಕ ನದಿಯ ತಳಮಟ್ಟದವರೆಗೆ ಇಳಿಸಬೇಕು. ದಂಡೆಯ ತಲೆಯಿಂದ ಹಿಂದಕ್ಕೆ ಒಂದು ಸಣ್ಣ ಒಡ್ಡು ಹಾಕಿ ಹೊಲದ ನೀರು ಅಂಚಿನ ಮೇಲಿಂದ ಸುರಿಯದಂತೆ ತಿರುಗಿಸಬೇಕು. ಅಲ್ಲಲ್ಲಿ ಚದುರಿರುವ ಪಂಪ್‌ಸೆಟ್ ಪೈಪುಗಳನ್ನು ರೈತರ ಒಪ್ಪಿಗೆಯಿಂದ ಗಟ್ಟಿ ನೆಲವಿರುವ ಒಂದೆರಡು ಸ್ಥಳಗಳಿಗೆ ಒಟ್ಟುಗೂಡಿಸಿ, ಕಾಲುವೆಯನ್ನು 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ತೇವ ಮಾಡಿ ಧಮ್ಮಸ್ಸು ಮಾಡಿ ತುಂಬಬೇಕು. ದನಕರುಗಳು ನೀರಿಗೆ ಇಳಿಯಲು ಕಲ್ಲು ಹಾಸಿದ ಒಂದೇ ದಾರಿಯನ್ನು ಗೊತ್ತುಪಡಿಸಿ ಉಳಿದವನ್ನು ಮುಚ್ಚಬೇಕು. ನಡುಪಾತ್ರದ ಜಾಲಿಯನ್ನು ಸಂಬಂಧಿಸಿದ ಇಲಾಖೆಯ ಅನುಮತಿಯೊಂದಿಗೆ ತೆಗೆಯಬಹುದು. ಆದರೆ ದಂಡೆಯ ಮೈಮೇಲೆ ಬೇರೂರಿದ ಗಿಡವನ್ನು, ಅದು ಜಾಲಿಯೇ ಆಗಿರಲಿ, ಬದಲಿ ಗಿಡ ಬೇರುಬಿಡುವ ಮುನ್ನ ಬುಡಸಮೇತ ಕೀಳಬಾರದು.

5.2 ಸಸ್ಯರಕ್ಷಣೆ

ಗಿಡದ ಬೇರು ಮಣ್ಣನ್ನು ಹೆಣೆದು ಹಿಡಿಯುತ್ತದೆ, ಎಲೆ ಮತ್ತು ಕಾಂಡ ನೀರಿನ ವೇಗವನ್ನು ದಂಡೆಯ ಬಳಿ ತಗ್ಗಿಸುತ್ತವೆ, ಜೊತೆಗೆ ಗಿಡ ಮಣ್ಣಿನ ತೇವವನ್ನು ಹೀರಿ ದಂಡೆಯನ್ನು ಹಗುರಗೊಳಿಸುತ್ತದೆ. ಯಾವ ಗಿಡ ಎಲ್ಲಿರಬೇಕೆಂಬುದು ಮುಖ್ಯ. ಇಳಿಜಾರಿನ ಮೈಯಲ್ಲಿ ಗರಿಕೆ, ಲಾವಂಚ, ಲಕ್ಕಿಯಂತಹ ಬಾಗುವ ಸಸ್ಯಗಳು. ನೀರಿನ ಸಮೀಪದ ಕೆಳಭಾಗದಲ್ಲಿ ನೀರಂಜಿ, ಕೇದಗೆ. ತಲೆಯಿಂದ ಕೆಲವು ಮೀಟರ್ ಹಿಂದೆ ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ, ಬಿದಿರು. ಕಡಿದಾದ ದಂಡೆಯ ತುದಿಯಲ್ಲಿಯೇ ಎತ್ತರದ ಮರ ನೆಟ್ಟರೆ ಅದರ ಭಾರ ಮತ್ತು ಗಾಳಿಯ ಹೊಡೆತದಿಂದ ಮರವು ದಂಡೆಯ ತುಂಡನ್ನೂ ಸೇರಿಸಿಕೊಂಡು ಉರುಳುವ ಸಂಭವವಿದೆ.

ಲಾವಂಚದ ಬೇರು ಅಗಲಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ; ಅನುಕೂಲಕರ ಮಣ್ಣಿನಲ್ಲಿ 2ರಿಂದ 3 ಮೀಟರ್ ಆಳ ತಲುಪುತ್ತದೆ. ಸಾಲಿನೊಳಗೆ ಗಿಡದಿಂದ ಗಿಡಕ್ಕೆ 10ರಿಂದ 15 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ ಸುಮಾರು 1 ಮೀಟರ್ ಎತ್ತರದ ವ್ಯತ್ಯಾಸ ಇರುವಂತೆ ನೆಡುವುದು ರೂಢಿ. ನಡುವೆ ಅಂತರ ಬಿಟ್ಟರೆ ನೀರು ಅಲ್ಲಿಯೇ ನುಗ್ಗುತ್ತದೆ. ನೆಡುವ ಕಾಲವೂ ಮುಖ್ಯ: ಜುಲೈ-ಆಗಸ್ಟ್‌ನಲ್ಲಿ ಪ್ರವಾಹ ಬರುವ ನದಿಯ ದಂಡೆಗೆ ಜೂನ್‌ನಲ್ಲಿ ನೆಟ್ಟ ಸಸಿ ಬೇರು ಬಿಡುವ ಮೊದಲೇ ಕೊಚ್ಚಿಹೋಗುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ, ನೀರು ಇಳಿದು ಮಣ್ಣಿನಲ್ಲಿ ಹಸಿ ಇರುವಾಗ ನೆಟ್ಟು, ಬೇಸಿಗೆಯಲ್ಲಿ ನೀರುಣಿಸಿ, ದನ ಮೇಯದಂತೆ ಕಾಯ್ದರೆ ಮುಂದಿನ ಪ್ರವಾಹಕ್ಕೆ ಗಿಡ ಸಿದ್ಧವಾಗಿರುತ್ತದೆ.

ಸಸ್ಯರಕ್ಷಣೆಗೆ ಮಿತಿಯೂ ಇದೆ. ವರ್ಷವಿಡೀ ನೀರಿನಲ್ಲಿ ಮುಳುಗಿರುವ ಪಾದದಲ್ಲಿ ಹುಲ್ಲು ಬೆಳೆಯದು. ತೀವ್ರ ತಿರುವಿನ ಹೊರದಂಡೆಯನ್ನು ಸಸ್ಯವೊಂದೇ ಕಾಪಾಡದು. ಅಲ್ಲಿ ಪಾದಕ್ಕೆ ಕಲ್ಲು, ಮೈಗೆ ಸಸ್ಯ ಎಂಬ ಮಿಶ್ರಕ್ರಮ ಸೂಕ್ತ.

5.3 ಕಲ್ಲಿನ ಪಿಚಿಂಗ್ ಮತ್ತು ಗೇಬಿಯನ್

ದಂಡೆಯ ಮೈಯನ್ನು ಸಾಮಾನ್ಯವಾಗಿ 1ಕ್ಕೆ 1.5 ಅಥವಾ 1ಕ್ಕೆ 2ರ ಇಳಿಜಾರಿಗೆ ತಂದು (ಅಂದರೆ ಒಂದು ಮೀಟರ್ ಎತ್ತರಕ್ಕೆ ಒಂದೂವರೆಯಿಂದ ಎರಡು ಮೀಟರ್ ಅಡ್ಡ ಅಗಲ), ಅದರ ಮೇಲೆ ಕಲ್ಲು ಹಾಸುವುದು ಪಿಚಿಂಗ್. ಇದರ ಯೋಜನೆ ಮತ್ತು ವಿನ್ಯಾಸಕ್ಕೆ ಭಾರತೀಯ ಮಾನಕ ಐ.ಎಸ್. 14262 ಇದೆ. ಅಂದಾಜು ಪಟ್ಟಿಯನ್ನು ಪರಿಶೀಲಿಸುವಾಗ ಸದಸ್ಯರು ಅಭಿಯಂತರರನ್ನು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಒಂದು: ಪಾದ ಎಷ್ಟು ಆಳಕ್ಕೆ ಹೋಗಿದೆ? ಪ್ರವಾಹದಲ್ಲಿ ನದಿಯ ತಳವೇ ಕೊರೆದು ಕೆಳಗಿಳಿಯುತ್ತದೆ. ಈ ಆಳವನ್ನು ಲೇಸಿಯ ಸೂತ್ರದಿಂದ ಅಂದಾಜಿಸಿ, ನೇರ ಹರಿವಿಗೆ 1.25, ಸಾಧಾರಣ ತಿರುವಿಗೆ 1.5, ತೀವ್ರ ತಿರುವಿಗೆ 1.75, ಲಂಬಕೋನದ ತಿರುವಿಗೆ 2ರಿಂದ ಗುಣಿಸುವ ಪದ್ಧತಿಯಿದೆ. ಸೂತ್ರದ ಪ್ರಕಾರ ಪ್ರವಾಹದ ನೀರಿನ ಮಟ್ಟದಿಂದ ಕೊರೆತದ ಆಳ 6 ಮೀಟರ್ ಬಂದರೆ, ನೇರ ಹರಿವಿನಲ್ಲಿ ಅದು 7.5 ಮೀಟರ್, ತೀವ್ರ ತಿರುವಿನಲ್ಲಿ 10.5 ಮೀಟರ್ ಆಗುತ್ತದೆ. ಪಕ್ಕದ ಊರಿನ ನೇರ ದಂಡೆಗೆ ಮಾಡಿದ ನಕ್ಷೆಯನ್ನು ಈ ಊರಿನ ತಿರುವಿಗೆ ನಕಲು ಮಾಡುವುದು ಏಕೆ ತಪ್ಪೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಅಷ್ಟು ಆಳ ಅಗೆಯಲು ಆಗದಿದ್ದಲ್ಲಿ ಪಾದದ ಮುಂದೆ ನದಿಯ ತಳದ ಮೇಲೆ ಕಲ್ಲಿನ ಹಾಸನ್ನು ಚಾಚಲಾಗುತ್ತದೆ. ತಳ ಕೊರೆದಂತೆ ಆ ಕಲ್ಲುಗಳು ತಾವೇ ಕೆಳಗೆ ಜಾರಿ ಗುಂಡಿಯ ಮೈಯನ್ನು ಮುಚ್ಚುತ್ತವೆ. ಈ ಹಾಸಿನ ಅಗಲವು ತಳದ ಕೆಳಗಿನ ಕೊರೆತದ ಆಳದ ಒಂದೂವರೆ ಪಟ್ಟು ಇರಬೇಕೆಂಬುದು ಸಾಮಾನ್ಯ ನಿಯಮ.

ಎರಡು: ಕಲ್ಲಿನ ತೂಕ ಎಷ್ಟು? ನೀರಿನ ವೇಗ ಎರಡರಷ್ಟಾದರೆ ಅದಕ್ಕೆ ಅಲುಗದೆ ನಿಲ್ಲಬೇಕಾದ ಕಲ್ಲಿನ ತೂಕ ಎರಡರಷ್ಟಲ್ಲ, 64 ಪಟ್ಟು ಹೆಚ್ಚಬೇಕು. ಒಂದು ವೇಗಕ್ಕೆ 10 ಕಿಲೋಗ್ರಾಂ ಕಲ್ಲು ಸಾಕಾದರೆ, ಅದರ ಇಮ್ಮಡಿ ವೇಗಕ್ಕೆ 640 ಕಿಲೋಗ್ರಾಂ ಬೇಕು. ಅಷ್ಟು ದೊಡ್ಡ ಕಲ್ಲು ದೊರೆಯದಿದ್ದಾಗ ಸಣ್ಣ ಕಲ್ಲುಗಳನ್ನು ಕಲಾಯಿ ಮಾಡಿದ ತಂತಿಬಲೆಯ ಪೆಟ್ಟಿಗೆಯಲ್ಲಿ ತುಂಬಿ ಕಟ್ಟುವ ಗೇಬಿಯನ್ ಉಪಯುಕ್ತ. ಗೇಬಿಯನ್ ತುಸು ಬಾಗಿ ಹೊಂದಿಕೊಳ್ಳುವುದರಿಂದ ತಳ ಕುಸಿದಾಗ ಗೋಡೆಯಂತೆ ಸೀಳುವುದಿಲ್ಲ. ತಂತಿ ತುಕ್ಕು ಹಿಡಿದರೆ ಅಥವಾ ಕತ್ತರಿಸಲ್ಪಟ್ಟರೆ ಪೆಟ್ಟಿಗೆ ಬರಿದಾಗುತ್ತದೆ. ಆದುದರಿಂದ ವಾರ್ಷಿಕ ತಪಾಸಣೆ ಅವಶ್ಯ.

ಮೂರು: ಕಲ್ಲಿನ ಕೆಳಗೆ ಸೋಸುಪದರ ಇದೆಯೇ? ಉಸುಕು ಮತ್ತು ಜಲ್ಲಿಯ ಪದರ ಅಥವಾ ಜಿಯೋಟೆಕ್ಸ್‌ಟೈಲ್ ಬಟ್ಟೆ ಇಲ್ಲದಿದ್ದರೆ ದಂಡೆಯೊಳಗಿಂದ ಬರುವ ನೀರು ಕಲ್ಲುಗಳ ಸಂದಿನಿಂದ ಮಣ್ಣನ್ನು ಹೊರಗೆಳೆಯುತ್ತದೆ. ಹೊರಗೆ ಕಲ್ಲು ನೆಟ್ಟಗೆ ಕಾಣುತ್ತಿರುತ್ತದೆ, ಒಳಗೆ ಪೊಳ್ಳಾಗಿರುತ್ತದೆ. ಸಿಮೆಂಟ್ ಬಳಸಿದ ಗೋಡೆಯಾದರೆ ನೀರು ಹೊರಹೋಗುವ ಕಿಂಡಿಗಳು ಬೇಕು. ಕಿಂಡಿಯಿಲ್ಲದ ತಡೆಗೋಡೆಯು ನೀರು ಇಳಿಯುವ ದಿನ ಹಿಂದಿನ ಒತ್ತಡಕ್ಕೆ ಮುಂದಕ್ಕೆ ವಾಲುತ್ತದೆ.

ನಾಲ್ಕು: ಕಾಮಗಾರಿಯ ಎರಡೂ ತುದಿಗಳು ಎಲ್ಲಿ ಮುಗಿಯುತ್ತವೆ? ಕೊರೆತದ ನಡುವೆಯೇ ನಿಲ್ಲಿಸಿದ ಪಿಚಿಂಗ್ ತನ್ನ ತುದಿಯಿಂದ ಬಿಚ್ಚಿಕೊಳ್ಳುತ್ತದೆ. ತುದಿಗಳನ್ನು ಗಟ್ಟಿ ನೆಲದವರೆಗೆ ಮುಂದುವರಿಸಿ ದಂಡೆಯೊಳಕ್ಕೆ ತಿರುಗಿಸಬೇಕು. ಅನುದಾನ 30 ಮೀಟರಿಗಷ್ಟೇ ಇದೆ, ಅಪಾಯದ ಉದ್ದ 120 ಮೀಟರ್ ಇದೆ ಎಂದಾದರೆ, ನಾಲ್ಕನೇ ಒಂದು ಭಾಗಕ್ಕೆ ಪೂರ್ಣ ಎತ್ತರದ ಗೋಡೆ ಕಟ್ಟುವುದಕ್ಕಿಂತ ಇಡೀ ಉದ್ದಕ್ಕೆ ಪಾದದ ಕಲ್ಲು ಹಾಕಿ ಮೇಲೆ ಲಾವಂಚ ನೆಡುವುದು ಹೆಚ್ಚು ಪ್ರಯೋಜನಕಾರಿಯಾಗಬಹುದು. ಈ ಆಯ್ಕೆಯನ್ನು ಅಭಿಯಂತರರ ಮುಂದಿಟ್ಟು ಲಿಖಿತ ಅಭಿಪ್ರಾಯ ಪಡೆಯಬೇಕು.

5.4 ನದಿಯ ಹರಿವನ್ನು ತಿರುಗಿಸುವ ಕಾಮಗಾರಿಗಳು

ದಂಡೆಯಿಂದ ನದಿಯೊಳಗೆ ಚಾಚುವ ಕಲ್ಲಿನ ಅಡ್ಡಗಟ್ಟೆಗಳು ನೀರಿನ ವೇಗದ ಹರಿವನ್ನು ದಂಡೆಯಿಂದ ದೂರ ತಳ್ಳುತ್ತವೆ, ಇವುಗಳಿಗೆ ಐ.ಎಸ್. 8408 ಮಾನಕವಿದೆ. ಅಸ್ಸಾಂನ ಬ್ರಹ್ಮಪುತ್ರಾ ನದಿಯಲ್ಲಿ, ವಿಶೇಷವಾಗಿ ಮಾಜುಲಿ ದ್ವೀಪದ ರಕ್ಷಣೆಗೆ, ಕಾಂಕ್ರೀಟ್ ಕಂಬಗಳನ್ನು ಮುಳ್ಳುಹಂದಿಯ ಆಕಾರದಲ್ಲಿ ಜೋಡಿಸಿದ ಚೌಕಟ್ಟುಗಳನ್ನು ಸಾಲಾಗಿ ಇಳಿಸಲಾಗುತ್ತದೆ. ಅವು ನೀರನ್ನು ಪೂರ್ಣವಾಗಿ ತಡೆಯದೆ ವೇಗ ತಗ್ಗಿಸಿ ಹೂಳು ಕೂರಿಸುತ್ತವೆ. ಈ ವಿಧಾನ ಫಲಕೊಡುವುದು ನೀರಿನಲ್ಲಿ ಹೂಳು ಹೇರಳವಾಗಿರುವಾಗ. ಜಲಾಶಯದ ಕೆಳಗೆ ತಿಳಿನೀರು ಹರಿಯುವ ಭಾಗದಲ್ಲಿ ಅದೇ ಫಲವನ್ನು ನಿರೀಕ್ಷಿಸಲಾಗದು. ಇಂತಹ ಕಾಮಗಾರಿಗಳು ಗ್ರಾಮ ಪಂಚಾಯತಿಯ ವ್ಯಾಪ್ತಿಯವಲ್ಲ. ಅವನ್ನು ಸಂಬಂಧಿಸಿದ ನೀರಾವರಿ ನಿಗಮ ಅಥವಾ ಇಲಾಖೆಯೇ ಅಧ್ಯಯನ ಮಾಡಿ ಕೈಗೊಳ್ಳಬೇಕು.

ಇದಕ್ಕೆ ಮುಖ್ಯ ಕಾರಣ ಎದುರು ದಂಡೆ. ಒಂದು ದಂಡೆಯಿಂದ ತಳ್ಳಲ್ಪಟ್ಟ ನೀರು ಇನ್ನೊಂದು ದಂಡೆಗೆ, ಅಥವಾ ಕೆಳಗಿನ ಊರಿನ ತಿರುವಿಗೆ ಹೋಗಿ ತಗುಲುತ್ತದೆ. ಒಂದು ಪಂಚಾಯತಿ ತನ್ನ ಊರನ್ನು ಉಳಿಸಿಕೊಳ್ಳಲು ಮಾಡಿದ ಕೆಲಸದಿಂದ ನೆರೆಯ ಪಂಚಾಯತಿಯ ರೈತನ ಜಮೀನು ಹೋಗಬಾರದು. ಕಾಮಗಾರಿಯ ಪ್ರಸ್ತಾವ ಕಳುಹಿಸುವ ಮುನ್ನ ಎದುರು ದಂಡೆಯ ಹಾಗೂ ಕೆಳಭಾಗದ ಪಂಚಾಯತಿಗಳೊಂದಿಗೆ ಜಂಟಿ ಸ್ಥಳ ತನಿಖೆ ನಡೆಸಿ ನಡವಳಿ ಬರೆದಿಡುವುದು ಉತ್ತಮ ಕ್ರಮ.

5.5 ಹಿಂದೆ ಸರಿಯುವುದು

ಕೆಲವು ಸ್ಥಳಗಳಲ್ಲಿ ದಂಡೆಯನ್ನು ಹಿಡಿದು ನಿಲ್ಲಿಸುವ ವೆಚ್ಚವು ಅದರ ಹಿಂದಿರುವ ಆಸ್ತಿಯ ಮೌಲ್ಯಕ್ಕಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಅಂತಹಲ್ಲಿ ಕಟ್ಟಡಗಳನ್ನು, ಕುಟುಂಬಗಳನ್ನು ಹಿಂದಕ್ಕೆ ಸರಿಸುವುದೇ ಸರಿಯಾದ ರಕ್ಷಣೆ. ಇದು ಹೇಳಲು ಸುಲಭ, ಮಾಡಲು ಕಠಿಣ. ಹೊಲ, ದನ, ದೇವರ ಗುಡಿ, ನೆರೆಹೊರೆ ಇವನ್ನು ಬಿಟ್ಟು ದೂರದ ನಿವೇಶನಕ್ಕೆ ಹೋಗಲು ಜನರು ಹಿಂಜರಿಯುವುದು ಸಹಜ. ಆದ್ದರಿಂದ ಹೊಸ ನಿವೇಶನ ಹೊಲಕ್ಕೆ ಸಮೀಪವಿರಬೇಕು, ದನ ಕಟ್ಟಲು ಸ್ಥಳವಿರಬೇಕು, ನೀರು ಮತ್ತು ದಾರಿ ಮೊದಲೇ ಸಿದ್ಧವಾಗಿರಬೇಕು. ಈ ಚರ್ಚೆ ವಾರ್ಡ್ ಸಭೆಯಲ್ಲಿ, ಆ ಕುಟುಂಬಗಳ ಸಮ್ಮುಖದಲ್ಲಿ, ಪ್ರವಾಹವಿಲ್ಲದ ಕಾಲದಲ್ಲಿ ನಡೆಯಬೇಕು. ತೆರವಾದ ಜಾಗಕ್ಕೆ ಪುನಃ ಮನೆ ಅನುಮತಿ ನೀಡದೆ ಹಸಿರು ಪಟ್ಟಿಯಾಗಿ ಉಳಿಸಿಕೊಳ್ಳುವುದು ಪಂಚಾಯತಿಯ ಹೊಣೆ.

6. ಅಧಿಕಾರ, ಕಾನೂನು ಮತ್ತು ಹಣಕಾಸು

(ಅ) ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 67ರಂತೆ ಖಾಸಗಿ ಸ್ವತ್ತಲ್ಲದ ನದಿ, ತೊರೆ, ಹಳ್ಳಗಳು ಸರ್ಕಾರದ ಸ್ವತ್ತಾಗಿವೆ. ಒತ್ತುವರಿಯ ಬಗ್ಗೆ ಪಂಚಾಯತಿಯು ತಹಶೀಲ್ದಾರರಿಗೆ ಅಳತೆಗಾಗಿ ಕೋರಿಕೆ ಸಲ್ಲಿಸಬೇಕು. ಒತ್ತುವರಿದಾರರು ಸದಸ್ಯರ ಬಂಧುಗಳೋ ನೆರೆಯವರೋ ಆಗಿರುವುದುಂಟು. ಅಳತೆಯನ್ನು ಇಡೀ ಹೊಳೆಸಾಲಿಗೆ ಒಟ್ಟಾಗಿ ಕೋರಿದರೆ ಒಬ್ಬರನ್ನು ಗುರಿ ಮಾಡಿದರೆಂಬ ಆಕ್ಷೇಪಕ್ಕೆ ಅವಕಾಶವಿರುವುದಿಲ್ಲ.

(ಆ) ಉಸುಕು: 2020ರ ರಾಜ್ಯ ಮರಳು ನೀತಿಯು ಹಳ್ಳ, ತೊರೆಗಳ ಮರಳಿನ ವಿಷಯದಲ್ಲಿ ಗ್ರಾಮ ಪಂಚಾಯತಿಗಳಿಗೆ ಪಾತ್ರ ನೀಡಿದೆ. ಕೇಂದ್ರ ಪರಿಸರ ಸಚಿವಾಲಯದ ಮಾರ್ಗಸೂಚಿಗಳು ಮಳೆಗಾಲದಲ್ಲಿ ನದಿ ಮರಳು ತೆಗೆಯುವುದನ್ನು ನಿಷೇಧಿಸುತ್ತವೆ, ಹಾಗೂ ದಂಡೆಯ ಬದಿಯಲ್ಲಿ ಮರಳು ತೆಗೆಯದ ಪಟ್ಟಿಯನ್ನು ಬಿಡಬೇಕೆಂದು ಹೇಳುತ್ತವೆ. ಆದಾಯದ ಆಸೆಯಿಂದ ಈ ಪಟ್ಟಿಯನ್ನು ಕಡೆಗಣಿಸಿದರೆ ಬಂದ ರಾಜಧನಕ್ಕಿಂತ ಹೋದ ದಂಡೆಯ ಬೆಲೆ ಹೆಚ್ಚಾದೀತು.

(ಇ) ಉದ್ಯೋಗ ಖಾತರಿ ಯೋಜನೆ: ಗಿಡ ನೆಡುವಿಕೆ, ಬದು, ಕೊರಕಲು ತಡೆ, ಇಳಿಜಾರು ಸರಿಪಡಿಸುವಿಕೆಯಂತಹ ಕೂಲಿ ಪ್ರಧಾನ ಕೆಲಸಗಳಿಗೆ ಇದು ಹೊಂದುತ್ತದೆ. ಕೂಲಿ ಮತ್ತು ಸಾಮಗ್ರಿಯ 60:40 ಅನುಪಾತದಿಂದಾಗಿ ಕಲ್ಲು, ತಂತಿಬಲೆಯಂತಹ ಸಾಮಗ್ರಿ ಪ್ರಧಾನ ಕೆಲಸಗಳಿಗೆ ಬೇರೆ ಅನುದಾನದೊಂದಿಗೆ ಒಗ್ಗೂಡಿಸಬೇಕಾಗುತ್ತದೆ.

(ಈ) ಹಣಕಾಸು ಆಯೋಗದ ಅನುದಾನ: 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ನೈರ್ಮಲ್ಯ ಹಾಗೂ ಕುಡಿಯುವ ನೀರಿಗೆ ಮೀಸಲಾದ ಭಾಗವನ್ನು ಶೇ. 60 ಮತ್ತು ನಿರ್ಬಂಧರಹಿತ ಭಾಗವನ್ನು ಶೇ. 40 ಎಂದು ಗೊತ್ತುಪಡಿಸಿತು. ಅದೇ ಆಯೋಗವು ನದಿ ಮತ್ತು ಕಡಲ ಕೊರೆತ ತಡೆಗೆ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿಯಿಂದ 1,500 ಕೋಟಿ ರೂ., ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂ. ಶಿಫಾರಸು ಮಾಡಿತು. ಇವು ರಾಷ್ಟ್ರಮಟ್ಟದ ಮೊತ್ತಗಳು. ಪ್ರಸ್ತಾವಗಳು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಮತ್ತು ರಾಜ್ಯದ ಮೂಲಕವೇ ಹೋಗಬೇಕು. ಗೂಟದ ಅಳತೆಯ ವಹಿ ಉಪಯೋಗಕ್ಕೆ ಬರುವುದು ಇಲ್ಲಿಯೇ.

(ಉ) ಜಮೀನು ನಷ್ಟದ ಪರಿಹಾರ: ನದಿ ಪಥ ಬದಲಿಸಿ ಜಮೀನಿನ ಗಣನೀಯ ಭಾಗ ನಷ್ಟವಾದಲ್ಲಿ 2022–26ರ ವಿಪತ್ತು ಸ್ಪಂದನ ನಿಧಿಯ ಮಾನದಂಡದಂತೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂ. ಸಹಾಯ ನಿಗದಿಯಾಗಿತ್ತು, ಅಂದರೆ ಎಕರೆಗೆ ಸುಮಾರು 19,000 ರೂ. ಜಮೀನು ಕಂದಾಯ ದಾಖಲೆಯಲ್ಲಿ ರೈತರ ಹೆಸರಿನಲ್ಲಿರಬೇಕು. ತಂದೆ-ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಹೊಳೆಸಾಲಿನ ಜಮೀನುಗಳ ಪೌತಿ ಖಾತೆಯನ್ನು ಮಳೆಗಾಲಕ್ಕೆ ಮುನ್ನ ಮಾಡಿಸಿಕೊಳ್ಳುವಂತೆ ರೈತರಿಗೆ ತಿಳಿಸುವುದು ಸದಸ್ಯರಿಂದ ಆಗಬಹುದಾದ ದೊಡ್ಡ ಉಪಕಾರ.

7. ಪಂಚಾಯತಿಯ ವಾರ್ಷಿಕ ಕಾರ್ಯಸೂಚಿ

ಅಕ್ಟೋಬರ್–ನವೆಂಬರ್: ದಂಡೆಯುದ್ದಕ್ಕೂ ನಡೆದು ಪರಿಶೀಲನೆ, ಗೂಟಗಳ ಅಳತೆ, ಸಸಿ ನೆಡುವಿಕೆ, ಅಪಾಯದ ಸ್ಥಳಗಳನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಗೆ ಸೇರಿಸುವುದು.

ಡಿಸೆಂಬರ್–ಫೆಬ್ರವರಿ: ನೆರೆಯ ಪಂಚಾಯತಿಗಳೊಂದಿಗೆ ಜಂಟಿ ತನಿಖೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಒತ್ತುವರಿ ಅಳತೆಗೆ ಕೋರಿಕೆ.

ಮಾರ್ಚ್–ಮೇ: ನೀರು ಕನಿಷ್ಠವಿರುವ ಈ ಅವಧಿಯಲ್ಲಿ ಮಾತ್ರ ಪಾದದ ಕೆಲಸ ಸಾಧ್ಯ. ಮೇ ಅಂತ್ಯದಲ್ಲಿ ಆರಂಭಿಸಿದ ಪಾದದ ಕಾಮಗಾರಿ ಅರ್ಧಕ್ಕೆ ನಿಂತು ಮೊದಲ ಪ್ರವಾಹಕ್ಕೆ ಬಲಿಯಾಗುವ ಸಂಭವವೇ ಹೆಚ್ಚು. ಮೇ ತಿಂಗಳ ಅಳತೆ. ಪೈಪು ಕಾಲುವೆಗಳನ್ನು ಮುಚ್ಚಿಸುವುದು. ಚರಂಡಿ ತುದಿಗಳ ದುರಸ್ತಿ.

ಜೂನ್–ಸೆಪ್ಟೆಂಬರ್: ಬಿರುಕುಗಳ ಮೇಲೆ ನಿಗಾ, ಜಲಾಶಯದ ಹೊರಹರಿವಿನ ಮಾಹಿತಿ, ನೀರು ಇಳಿಯುವ ದಿನಗಳಲ್ಲಿ ಅಂಚಿನಿಂದ ದೂರವಿರಲು ಡಂಗುರ, ಹಾನಿಯಾದ ಕೂಡಲೇ ಗ್ರಾಮ ಆಡಳಿತಾಧಿಕಾರಿಗಳೊಂದಿಗೆ ಪಂಚನಾಮೆ.

8. ಸಾರಾಂಶ

ದಂಡೆಯು ಪಾದದಲ್ಲಿ ಸವೆದು ಮೇಲೆ ಕುಸಿಯುತ್ತದೆ. ಅದರಲ್ಲೂ ನೀರು ಇಳಿಯುವಾಗ ಹೆಚ್ಚು. ಆದ್ದರಿಂದ ಮೊದಲು ಅಳತೆ, ನಂತರ ಕಾರಣದ ನಿವಾರಣೆ, ಆಮೇಲೆ ಪಾದದ ರಕ್ಷಣೆ ಮತ್ತು ಸಸ್ಯ, ಕೊನೆಗೆ ಅವಶ್ಯವಿದ್ದಲ್ಲಿ ಮಾತ್ರ ಗೋಡೆ, ಈ ಕ್ರಮವನ್ನು ಪಾಲಿಸಿದರೆ ಅಲ್ಪ ಅನುದಾನವೂ ಫಲ ನೀಡುತ್ತದೆ. ಉಳಿಸಲಾಗದ ಸ್ಥಳವನ್ನು ಸಕಾಲದಲ್ಲಿ ಒಪ್ಪಿಕೊಂಡು ಜನರನ್ನು ಗೌರವಯುತವಾಗಿ ಹಿಂದಕ್ಕೆ ಕರೆತರುವುದೂ ಪಂಚಾಯತಿಯ ರಕ್ಷಣಾ ಕಾರ್ಯದ ಭಾಗವೇ ಆಗಿದೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯತಿ ವ್ಯಾಪ್ತಿಯ ನದಿ ಅಥವಾ ಹಳ್ಳದಲ್ಲಿ ತಿರುವಿನ ಹೊರದಂಡೆಗಳು ಎಷ್ಟಿವೆ? ಅವುಗಳ ಅಂಚಿನಿಂದ 20 ಮೀಟರ್ ಒಳಗೆ ಯಾವ ಮನೆ, ದಾರಿ, ಸಾರ್ವಜನಿಕ ಆಸ್ತಿಗಳಿವೆ?

2. ಪಂಚಾಯತಿ ನಿರ್ಮಿಸಿದ ಯಾವ ಚರಂಡಿಗಳು ದಂಡೆಯ ಮೇಲೆ ಮುಗಿಯುತ್ತವೆ?

3. ಹಿಂದಿನ ವರ್ಷಗಳಲ್ಲಿ ಕಟ್ಟಿದ ತಡೆಗೋಡೆ ಅಥವಾ ಪಿಚಿಂಗ್ ಇದ್ದಲ್ಲಿ, ಅದರ ಪಾದ, ಸೋಸುಪದರ, ಕಿಂಡಿ ಮತ್ತು ತುದಿಗಳ ಇಂದಿನ ಸ್ಥಿತಿ ಹೇಗಿದೆ?

4. ಎದುರು ದಂಡೆಯ ಪಂಚಾಯತಿಯೊಂದಿಗೆ ಈ ವಿಷಯದಲ್ಲಿ ಒಮ್ಮೆಯಾದರೂ ಸಭೆ ನಡೆದಿದೆಯೇ? ಇಲ್ಲದಿದ್ದರೆ ಮುಂದಿನ ಸಾಮಾನ್ಯ ಸಭೆಯಲ್ಲಿ ಯಾವ ಠರಾವು ತರಬಹುದು?